ಅಮೃತಶಿಲೆಗೂ ಜಾತಿಯುಂಟು

ಹಳೆಯ ಕಲ್ಲುಗಳ ಮೇಲೆ ಗ್ರೀಸ್ ದೇಶಕ್ಕಿರುವ ಮಮತೆ ಲೋಕಪ್ರಸಿದ್ಧವಾದದ್ದು. ಲಾರ್ಡ್ ಎಲ್ಗಿನ್ ಎರಡು ಶತಮಾನಗಳ ಹಿಂದೆ ಪಾರ್ಥೆನಾನ್ ದೇಗುಲದಿಂದ ಕೀಳಿಸಿ ಬ್ರಿಟನ್ನಿಗೆ ಸಾಗಿಸಿದ ಶಿಲ್ಪಗಳನ್ನು ಅದು ಇಂದಿಗೂ ಮರಳಿ ಕೇಳುತ್ತಿದೆ; ಕೇಳಬೇಕಾದದ್ದೇ. ಆದರೆ ಅದೇ ದೇಶದ ಥೆಸಲೊನಿಕಿ ನಗರದ ಚರಿತ್ರೆಯನ್ನು ಓದಿದವರಿಗೆ ಅಮೃತಶಿಲೆಯಲ್ಲೂ ಮೇಲುಕೀಳುಗಳಿವೆ ಎಂಬುದು ಮನದಟ್ಟಾಗುತ್ತದೆ.

1492ರಲ್ಲಿ ಸ್ಪೇನ್ ಹೊರದೂಡಿದ ಯಹೂದಿಗಳು ಈ ನಗರದಲ್ಲಿ ನೆಲೆಯೂರಿ, ಕೋಟೆಯಾಚೆ ಪೂರ್ವದಲ್ಲಿ ತಮ್ಮವರನ್ನು ಮಣ್ಣು ಮಾಡುತ್ತ ಬಂದರು. ನಾಲ್ಕೂವರೆ ಶತಮಾನಗಳಲ್ಲಿ ಗೋರಿಗಳ ಸಂಖ್ಯೆ ಮೂರು ಲಕ್ಷವನ್ನು ದಾಟಿತು. ಬೆಳೆಯುವ ನಗರಕ್ಕೂ 1925ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯಕ್ಕೂ ಇವರು ದಾರಿಗೆ ಅಡ್ಡಲಾಗಿ ಮಲಗಿದವರಂತೆ ಕಂಡರು. ಪಾಪ, ನೋಟಿಸು ಕೊಟ್ಟರೂ ಏಳುವ ಪೈಕಿಯವರಲ್ಲ.

ಕಡೆಗೆ ನಾಜಿಗಳು ಬಂದು ಈ ತೊಡಕನ್ನು ಬಿಡಿಸಿಕೊಟ್ಟರು. 1942ರಲ್ಲಿ ಬಿಟ್ಟಿ ದುಡಿಮೆಗೆ ಎಳೆದೊಯ್ದ ಯಹೂದಿ ಗಂಡಸರನ್ನು ಹಣ ತೆತ್ತು ಬಿಡಿಸಿಕೊಳ್ಳಲು ಸಮುದಾಯದವರು ಚೌಕಾಸಿ ನಡೆಸುತ್ತಿದ್ದಾಗ, ಜೀವಂತರ ಬೆಲೆಯೊಳಗೆ ಸತ್ತವರ ಜಾಗವನ್ನೂ ಸೇರಿಸಲಾಯಿತು. ಡಿಸೆಂಬರಿನಲ್ಲಿ ನಗರಾಡಳಿತದ ಸುಮಾರು 500 ಕೂಲಿಗಳು ಹಾರೆ ಗುದ್ದಲಿ ಹಿಡಿದು ಸ್ಮಶಾನದೊಳಗೆ ನುಗ್ಗಿದರು. ಉರಿವ ಮನೆಯ ಗಳ ಹಿರಿಯುವುದೆಂದು ನಾವು ಗಾದೆ ಕಟ್ಟಿದ್ದೇವೆ. ಅಲ್ಲಿ ಬೆಂಕಿ ಇಟ್ಟವರ ಅನುಮತಿ ಪಡೆದು, ಲೆಕ್ಕಪತ್ರದ ಸಮೇತ ಹಿರಿದರು. ಕಲ್ಲುಗಳು ಸಂತ ದಿಮಿತ್ರಿಯೋಸ್ ಚರ್ಚಿನ ಜೀರ್ಣೋದ್ಧಾರಕ್ಕೆ, ಅಂಗಳಗಳಿಗೆ, ರಸ್ತೆಗಳಿಗೆ, ಕೊನೆಗೆ ಜರ್ಮನ್ನರ ಈಜುಕೊಳಕ್ಕೂ ಒದಗಿದವು. ದೇವರಿಗೂ ದಂಡಿಗೂ ಸಮಪಾಲು!

1943ರ ಮಾರ್ಚಿನಿಂದ ಆಗಸ್ಟಿನೊಳಗೆ 40,000ಕ್ಕೂ ಹೆಚ್ಚು ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಸ್‌ಗೆ ಅಟ್ಟಿದ ಮೇಲೆ, ಅಜ್ಜನ ಗೋರಿ ಎಲ್ಲಿ ಹೋಯಿತೆಂದು ಕೇಳುವ ಮೊಮ್ಮಕ್ಕಳ ಕಾಟವೂ ಬಹುಮಟ್ಟಿಗೆ ತಪ್ಪಿತು. ಬಯಲಾದ ನೆಲದಲ್ಲಿ ವಿಶ್ವವಿದ್ಯಾಲಯ ಹರಡಿಕೊಂಡಿತು. ತರ್ಕಶಾಸ್ತ್ರದ ಪಿತಾಮಹ ಅರಿಸ್ಟಾಟಲನ ಹೆಸರನ್ನೂ ಇಟ್ಟುಕೊಂಡಿತು. ಅಲ್ಲಿ ಪುರಾತತ್ತ್ವವನ್ನು ಬೋಧಿಸುತ್ತಾರೆ. ಒಡೆದ ಮಡಕೆಯ ಚೂರಿನಿಂದ ಎರಡೂವರೆ ಸಾವಿರ ವರ್ಷಗಳ ಹಿಂದಿನ ಮನೆತನವನ್ನು ಗುರುತಿಸಬಲ್ಲ ವಿದ್ಯೆಯು ತನ್ನದೇ ತರಗತಿಯ ಅಡಿಯಲ್ಲಿ ಯಾರಿದ್ದರೆಂಬ ಒಂದೇ ಪ್ರಶ್ನೆಗೆ ದಶಕಗಟ್ಟಲೆ ಮೌನವ್ರತ ಹಿಡಿದದ್ದನ್ನು ಸಂಶೋಧನೆಯಲ್ಲಿನ ಸಂಯಮವೆಂದೇ ತಿಳಿಯಬೇಕು.

2014ರ ನವೆಂಬರಿನಲ್ಲಿ, ಅಂದರೆ ಹಾರೆ ಬಿದ್ದ 72ನೆಯ ವರ್ಷದಲ್ಲಿ, ಆವರಣದೊಳಗೆ ಒಂದು ಸ್ಮಾರಕ ಎದ್ದಿತು. ಅದನ್ನೂ ಕಿಡಿಗೇಡಿಗಳು ಹಾಳುಗೆಡವಿದ್ದಾರೆ. ದುರಸ್ತಿಗೆ ಬೇಕಾದ ಕಲ್ಲಿಗಂತೂ ಈ ಊರಿನಲ್ಲಿ ಬರವಿಲ್ಲ. ಯಾವುದಾದರೂ ಅಂಗಳವನ್ನು ಅಗೆದರಾಯಿತು.