ಆ ‘ಎ 1’ ಯಾವ ವಾರದ್ದು ಅಂತ ಕೇಳಿ

ತಪಾಸಣೆಗೆ ಬಂದ ಬಸುರಿಯ ಚೀಟಿಯಲ್ಲಿ ಜಿ, ಪಿ, ಎಲ್, ಎ ಅಂತ ಬರೆದು ಮುಂದಕ್ಕೆ ಹೋಗಿಬಿಡುತ್ತಾರೆ. ಎಷ್ಟನೇ ಬಸಿರು, ಎಷ್ಟು ಹೆರಿಗೆ, ಎಷ್ಟು ಮಕ್ಕಳು ಉಳಿದಿವೆ, ಎಷ್ಟು ಗರ್ಭಪಾತ. ಎಂಟನೇ ವಾರದಲ್ಲಿ ಹೋದದ್ದೂ ‘ಎ 1’, ಹತ್ತೊಂಬತ್ತನೇ ವಾರದಲ್ಲಿ ಹೋದದ್ದೂ ‘ಎ 1’. ಮೊದಲನೆಯದಕ್ಕೆ ಹೆಚ್ಚಾಗಿ ಭ್ರೂಣದ ವರ್ಣತಂತು ದೋಷವೇ ಕಾರಣ. ಹತ್ತೊಂಬತ್ತನೇ ವಾರದಲ್ಲಿ ನೋವೇ ಇಲ್ಲದೆ ಗರ್ಭಕಂಠ (ಗರ್ಭಕೋಶದ ಬಾಯಿ) ತೆರೆದು ಮಗು ಜಾರಿದ್ದರೆ, ಈ ಸಲವೂ ದಿನ ತುಂಬುವ ಮುಂಚೆ ಹೆರಿಗೆಯಾಗಬಹುದು ಅನ್ನುವ ಎಚ್ಚರಿಕೆ ಅದು.

‘ಎಷ್ಟು ಮಕ್ಕಳಮ್ಮಾ?’ ಅಂದರೆ ಇದು ಹೊರಬರಲ್ಲ. ಯಾವ ವಾರದಲ್ಲಿ ಆಯಿತು? ಮೊದಲು ನೋವು ಬಂತಾ, ನೀರು ಹೋಯಿತಾ? ಇಲ್ಲ, ಬಿಪಿ ಏರಿತು ಅಂತ ಡಾಕ್ಟರೇ ಬೇಗ ಹೆರಿಗೆ ಮಾಡಿಸಿದರಾ? ಅದರ ಜಾಡೇ ಬೇರೆ. ಹಿಂದೆ 37 ವಾರಕ್ಕೆ ಮುಂಚೆ ತಾನಾಗೇ ಆದ ಹೆರಿಗೆ ಬಹಳ ದೊಡ್ಡ ಸುಳಿವು. ಅತ್ತೆ, ಗಂಡ ಪಕ್ಕದಲ್ಲಿದ್ದರೆ ಎಷ್ಟೋ ಜನ ಹೇಳುವುದೇ ಇಲ್ಲ. ಒಬ್ಬಳನ್ನೇ ಕೂರಿಸಿ ಕೇಳಿ.

ಅವಳಿ ಗರ್ಭ, ಗರ್ಭಕಂಠದ ಹಳೇ ಶಸ್ತ್ರಚಿಕಿತ್ಸೆ, ಹೆರಿಗೆಯಾಗಿ ಆರು ತಿಂಗಳೊಳಗೆ ಮತ್ತೆ ಬಸಿರು, ತೀರಾ ಕಡಿಮೆ ತೂಕ ಇವೂ ಲೆಕ್ಕಕ್ಕಿವೆ. ‘ತಂಬಾಕು ಹಾಕ್ತೀರಾ’ ಅಂದರೆ ಇಲ್ಲ ಅಂತಾರೆ, ಕಡ್ಡಿಪುಡಿ ಅಂತ ಹೆಸರು ಹಿಡಿದೇ ಕೇಳಬೇಕು. ಉರಿಮೂತ್ರ ಇಲ್ಲದೆಯೂ ಸೋಂಕು ಇರುತ್ತದೆ, ಆದ್ದರಿಂದ ಶುರುವಿನಲ್ಲೇ ಒಮ್ಮೆ ಮೂತ್ರದ ಕಲ್ಚರ್ (ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ಮಾಡಿಸಿ.

ಐದನೇ ತಿಂಗಳ ಸ್ಕ್ಯಾನ್ ವರದಿಯಲ್ಲಿ ಗರ್ಭಕಂಠದ ಉದ್ದ ಎಷ್ಟು ಮಿಲಿಮೀಟರ್ ಅಂತ ನೋಡಿ. ಹೊಟ್ಟೆ ಮೇಲಿಂದ ಅಳೆದದ್ದನ್ನು ಪೂರ್ತಿ ನಂಬಬೇಡಿ. ತುಂಬಿದ ಮೂತ್ರಕೋಶ ಒತ್ತಿ, ಗಿಡ್ಡ ಗರ್ಭಕಂಠವನ್ನೂ ಉದ್ದ ತೋರಿಸುತ್ತದೆ. ಮೂತ್ರ ಮಾಡಿ ಬಂದ ಮೇಲೆ ಯೋನಿಯ ಮೂಲಕ, ಸ್ಕ್ಯಾನಿನ ಕಡ್ಡಿ (ಪ್ರೋಬ್) ಒತ್ತದೆ, ಮೂರು ಸಲ ಅಳೆದು ಅತಿ ಕಡಿಮೆ ಬಂದದ್ದನ್ನು ಬರೆಯಬೇಕು. ಇದರಿಂದ ಮಗುವಿಗೆ ಏನೂ ಆಗಲ್ಲ. ಒಂದೇ ಮಗುವಿದ್ದು, 24 ವಾರದೊಳಗೆ ಉದ್ದ 25 ಮಿ.ಮೀ. ಅಥವಾ ಕಡಿಮೆ ಬಂದರೆ ರಾತ್ರಿ ಯೋನಿಯಲ್ಲಿಡುವ 200 ಮಿ.ಗ್ರಾಂ. ಪ್ರೊಜೆಸ್ಟರಾನ್ ಹಾರ್ಮೋನ್ ಮಾತ್ರೆಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಹಿಂದೆಯೂ ಬೇಗ ಹೆರಿಗೆಯಾಗಿದ್ದರೆ ಗರ್ಭಕಂಠಕ್ಕೆ ಹಾಕುವ ಹೊಲಿಗೆಯ ಬಗ್ಗೆಯೂ ಕೇಳಿ. ತಿಂಗಳುಗಟ್ಟಲೆ ಮಲಗಿಸಿಡುವುದರಿಂದ ಹೆರಿಗೆ ಮುಂದೆ ಹೋಗಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ.

ಇದ್ಯಾವುದೂ ಇಲ್ಲದವರಿಗೂ ಬೇಗ ಹೆರಿಗೆ ಆಗುತ್ತದೆ. ಹೊಟ್ಟೆ ಬಿಟ್ಟು ಬಿಟ್ಟು ಕಲ್ಲಿನಂತೆ ಗಟ್ಟಿಯಾಗುವುದು, ಸೊಂಟದ ಕೆಳಗೆ ಬಿಡದ ನೋವು, ನೀರು ಒಸರುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. 24ರಿಂದ 34 ವಾರದೊಳಗೆ ಹೆರಿಗೆ ನೋವು ಶುರುವಾಗಿದ್ದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಬೇಕು: 6 ಮಿ.ಗ್ರಾಂ., 12 ಗಂಟೆಗೊಮ್ಮೆ, ನಾಲ್ಕು ಡೋಸ್. ದೊಡ್ಡಾಸ್ಪತ್ರೆಗೆ ಕಳಿಸುವ ಮುಂಚೆ ಮೊದಲ ಡೋಸ್ ಕೊಡಲು ಎಎನ್‌ಎಂಗೂ (ಉಪಕೇಂದ್ರದ ಸಿಸ್ಟರ್‌ಗೂ) ಅನುಮತಿ ಇದೆ. ಆಂಬುಲೆನ್ಸ್ ಹೊರಡುವ ಮುಂಚೆ ಅದನ್ನು ಕೇಳಿ, ಕೊಟ್ಟ ಸಮಯವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.