ಚೂರುಬಟ್ಟೆ ತೀರಿಸುವ ಉಪಾಯ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಚೀಲ ಇದೆ. ಚೀಲ ಅಂದರೆ ಚೀಲವಲ್ಲ, ಹಳೆಯ ತಲೆದಿಂಬಿನ ಕವರು. ಅದರ ತುಂಬ ಚೂರುಬಟ್ಟೆ. ಪರದೆ ಹೊಲಿಸಿದಾಗ ಉಳಿದ ಪಟ್ಟಿ, ಮಗಳ ಫ್ರಾಕಿನ ತೋಳು ಮೊಟಕು ಮಾಡಿದಾಗ ಬಿದ್ದ ತುಂಡು, ಕಾಲರು ಸವೆದರೂ ಬೆನ್ನು ಮಾತ್ರ ಗಟ್ಟಿಯಾಗಿರುವ ಒಂದು ಶರ್ಟು. ಎಸೆಯಲು ಮನಸ್ಸು ಬರುವುದಿಲ್ಲ, ಇಟ್ಟುಕೊಂಡರೆ ಕೆಲಸಕ್ಕೆ ಬರುವುದಿಲ್ಲ. "ಇರಲಿ, ಯಾವತ್ತಾದರೂ ಬೇಕಾಗುತ್ತೆ" ಅನ್ನುವ ಒಂದೇ ಮಾತಿನ ಬಲದಿಂದ ಅದು ಇಷ್ಟು ವರ್ಷ ಅಟ್ಟದ ಮೇಲೆ ಕೂತಿದೆ.

ಆ 'ಯಾವತ್ತಾದರೂ' ಒಂದು ದಿನ ನಿಜವಾಗಿಯೂ ಬಂತು. ಬೀದಿ ತುದಿಯ ಬಟ್ಟೆ ಅಂಗಡಿಯ ಗಾಜಿಗೆ ಅಂಟಿಸಿದ ಚೀಟಿಯಾಗಿ ಬಂತು. 'ಹೊಲಿಗೆ ಕ್ಲಾಸು. ಪ್ರತಿ ಶನಿವಾರ ಮಧ್ಯಾಹ್ನ. ಮೊದಲ ಪ್ರಾಜೆಕ್ಟು ಕ್ವಿಲ್ಟ್.' ನಾನು ಅದನ್ನು ಕೌದಿ ಅಂತಲೇ ಓದಿಕೊಂಡೆ. ಕೌದಿ ಅಂದರೆ ಚೂರುಬಟ್ಟೆ. ಕೌದಿ ಮುಗಿದರೆ ಚೀಲ ಖಾಲಿ. ಎಷ್ಟು ಸುಲಭದ ಲೆಕ್ಕ ಅಲ್ವಾ? ಅವತ್ತೇ ಹೆಸರು ಬರೆಸಿ ಬಂದೆ.

ಕ್ಲಾಸು ನಡೆಯುವುದು ಅಂಗಡಿಯ ಹಿಂಭಾಗದಲ್ಲಿ. ಉದ್ದನೆಯ ಮೇಜು, ಆರು ಮಿಷನ್ನು, ಒಂದು ಮೂಲೆಯಲ್ಲಿ ಇಸ್ತ್ರಿ. ಅಲ್ಲಿಗೆ ಹೋಗಬೇಕಾದರೆ ಎರಡೂ ಕಡೆ ಪೇರಿಸಿದ ಥಾನುಗಳ ನಡುವೆ ನಡೆದು ಹೋಗಬೇಕು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಈ ಏರ್ಪಾಡು ಆಕಸ್ಮಿಕವಲ್ಲ ಅಂತ ನನಗೆ ಹೊಳೆದದ್ದು ಮೂರನೇ ಶನಿವಾರ.

ಮೊದಲ ದಿನ ಟೀಚರು ನನ್ನ ಚೀಲವನ್ನು ಮೇಜಿನ ಮೇಲೆ ಸುರಿದರು. ಒಂದೊಂದೇ ಚೂರನ್ನು ಎತ್ತಿ, ಎರಡು ಬೆರಳಲ್ಲಿ ಉಜ್ಜಿ, ಪಕ್ಕಕ್ಕೆ ಹಾಕತೊಡಗಿದರು. "ಇದು ಎಳೆದರೆ ಹಿಗ್ಗುತ್ತೆ, ಬೇಡ. ಇದು ಇಸ್ತ್ರಿ ತಾಗಿದರೆ ಕರಗುತ್ತೆ, ಬೇಡ. ಇದು ಬಣ್ಣ ಬಿಡುತ್ತೆ. ಇದು ಪರದೆಯದ್ದಾ? ತುಂಬ ದಪ್ಪ ಆಯ್ತು." ದಪ್ಪ ಬಟ್ಟೆಯ ಪಕ್ಕಕ್ಕೆ ತೆಳು ಬಟ್ಟೆ ಸೇರಿಸಿದರೆ ತೆಳುವಾದದ್ದು ಬೇಗ ಹರಿಯುತ್ತದೆ. ಒಗೆದಾಗ ಒಂದೊಂದು ಬಟ್ಟೆ ಒಂದೊಂದು ಥರ ಕುಗ್ಗಿ ಕೌದಿಯೆಲ್ಲ ಸುಕ್ಕಾಗುತ್ತದೆ. ಅದಕ್ಕೇ ಒಂದೇ ದಪ್ಪದ ಹತ್ತಿ ಬಟ್ಟೆ ಆಗಬೇಕು, ಅದನ್ನು ಮೊದಲೇ ಒಂದು ಸಲ ಒಗೆದಿರಬೇಕು. ಹತ್ತು ನಿಮಿಷದಲ್ಲಿ ನನ್ನ ಜೀವಮಾನದ ಸಂಗ್ರಹದಿಂದ ಪಾಸಾದದ್ದು ಏಳು ತುಂಡು. ಶರ್ಟಿನ ಬೆನ್ನು ಅದರಲ್ಲಿ ಒಂದು.

"ಹಾಗಾದ್ರೆ ಉಳಿದದ್ದಕ್ಕೆ?" ಅಂದೆ.

ಟೀಚರು ಏನೂ ಹೇಳಲಿಲ್ಲ. ಸುಮ್ನೆ ಥಾನುಗಳ ಕಡೆ ನೋಡಿದರು.

ಐದು ಬಣ್ಣದಲ್ಲಿ ಬಟ್ಟೆ ಹರಿಸಿಕೊಂಡು ಬಂದೆ. ಚೂರು ತೀರಿಸಲು ಹೋದವನು ಇಡೀ ಬಟ್ಟೆ ಕೊಂಡು ಅದನ್ನು ಚೂರು ಮಾಡಿದ್ದು ಹೀಗೆ. ಇದರಲ್ಲಿ ಏನೋ ಎಡವಟ್ಟಾಗಿದೆ ಅಂತ ದುಡ್ಡು ಎಣಿಸುವಾಗಲೇ ಅನ್ನಿಸಿತ್ತು. ಆದರೆ ಸಾಲಿನಲ್ಲಿ ಹಿಂದೆ ನಿಂತಿದ್ದ ಐವರ ಕೈಯಲ್ಲೂ ಹೊಸ ಬಟ್ಟೆಯೇ ಇತ್ತು.

ಅಮೆರಿಕದ ಅಲಬಾಮದಲ್ಲಿ ನದಿಯ ತಿರುವಿಗೆ ಅಂಟಿಕೊಂಡ ಗೀಸ್ ಬೆಂಡ್ ಅನ್ನುವ ಊರಿದೆ. ಅಲ್ಲಿಯ ಕಪ್ಪು ಹೆಂಗಸರು ಹೊಲದಲ್ಲಿ ದುಡಿದು ಸವೆದ ಪ್ಯಾಂಟು, ಅಂಗಿಗಳನ್ನು ಬಿಚ್ಚಿ ಕೌದಿ ಹೊಲಿಯುತ್ತಿದ್ದರು. ಚಳಿ ಇತ್ತು, ಬಟ್ಟೆ ಅದೇ ಇತ್ತು, ಅಷ್ಟೇ ಕಾರಣ. ಪ್ಯಾಂಟಿನ ಮೊಣಕಾಲು ಮಾಸಿದ ಗುರುತು, ಜೇಬು ಕಿತ್ತ ಜಾಗದ ಗಾಢ ಬಣ್ಣ, ಎಲ್ಲ ಹಾಗೇ ಕಾಣುತ್ತವೆ. 2002ರಲ್ಲಿ ಅವು ಮ್ಯೂಸಿಯಂ ಗೋಡೆ ಹತ್ತಿದವು. 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ಅವುಗಳ ಚಿತ್ರ ನೋಡಿದರೆ ಗೆರೆಗಳು ಎಷ್ಟು ಧೈರ್ಯವಾಗಿ ಸೊಟ್ಟಗಿವೆ ಅಂದರೆ, ನಮ್ಮ ಕ್ಲಾಸಿನ ಅಳತೆಪಟ್ಟಿಗೆ ನಾಚಿಕೆಯಾಗಬೇಕು. ಆದರೆ ನಾನೂ ಸೊಟ್ಟಗೆ ಹೊಲಿದು ಅವರನ್ನು ತೋರಿಸಲಾಗುವುದಿಲ್ಲ. ಅವರದು ಬೇಕೆಂದು ಸೊಟ್ಟ. ನನ್ನದು ಬರದೇ ಸೊಟ್ಟ.

ಎರಡನೇ ವಾರ ಕತ್ತರಿಸುವ ಪಾಠ. ಕತ್ತರಿಯನ್ನು ಮಾತ್ರ ಯಾರೂ ಕೊಡಲಿಲ್ಲ. ಹಿಡಿ ಇರುವ ಒಂದು ಸಣ್ಣ ಚಕ್ರ ಕೊಟ್ಟರು, ಚಕ್ರದ ಸುತ್ತ ಬ್ಲೇಡು. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಇದನ್ನು ತಂದಿತಂತೆ. ಅಡಿಗೆ ಚೌಕಳಿ ಗೆರೆಯ ಹಾಸು, ಮೇಲೆ ಪಾರದರ್ಶಕ ಅಳತೆಪಟ್ಟಿ, ಅದರ ಪಕ್ಕದಲ್ಲಿ ಸರ್ರನೆ ಎಳೆದರೆ ನಾಲ್ಕು ಪದರ ಒಂದೇ ಏಟಿಗೆ ಸೀಳುತ್ತದೆ. ಬಟ್ಟೆಗೂ ಬೆರಳಿಗೂ ಅದು ಭೇದ ಮಾಡುವುದಿಲ್ಲ. "ಕೆಳಗಿಡುವ ಮೊದಲು ಬ್ಲೇಡು ಮುಚ್ಚಿ" ಅಂತ ಟೀಚರು ಒಂದು ಗಂಟೆಯಲ್ಲಿ ಇಪ್ಪತ್ತು ಸಲ ಹೇಳಿರಬೇಕು.

ಬಟ್ಟೆಗೂ ದಿಕ್ಕು ಇದೆ ಅಂತ ಗೊತ್ತಾದದ್ದೂ ಅವತ್ತೇ. ಉದ್ದಕ್ಕೆ ಓಡುವುದು ಹಾಸು, ಅಡ್ಡಕ್ಕೆ ನುಗ್ಗುವುದು ಹೊಕ್ಕು. ಬದುಕಿನಲ್ಲಿ ಅದು ಹಾಸುಹೊಕ್ಕಾಗಿದೆ, ಇದು ಹಾಸುಹೊಕ್ಕಾಗಿದೆ ಅಂತ ಎಷ್ಟೋ ಸಲ ಬರೆದಿದ್ದೇನೆ. ಹಾಸು ಯಾವುದು ಹೊಕ್ಕು ಯಾವುದು ಅಂತ ಬೆರಳಿಟ್ಟು ನೋಡಿದ್ದು ಅದೇ ಮೊದಲು. ಹಾಸಿನ ಗುಂಟ ಎಳೆದರೆ ಬಟ್ಟೆ ಜಪ್ಪಯ್ಯ ಅನ್ನುವುದಿಲ್ಲ. ಹೊಕ್ಕಿನ ಗುಂಟ ಎಳೆದರೆ ಸ್ವಲ್ಪ ಜಗ್ಗುತ್ತದೆ. ಮೂಲೆಯಿಂದ ಮೂಲೆಗೆ ಎಳೆದರೆ ರಬ್ಬರಿನ ಹಾಗೆ ಬರುತ್ತದೆ. ದಿಕ್ಕು ನೋಡದೆ ಕತ್ತರಿಸಿದ ಚೌಕ ಮಿಷನ್ನಿನ ಕೆಳಗೆ ಹೋಗುವಾಗ ಚೌಕವಾಗಿರುತ್ತದೆ, ಹೊರಗೆ ಬರುವಾಗ ಗಾಳಿಪಟ.

ಇನ್ನು ನನ್ನ ಲೆಕ್ಕ. ಆರು ಇಂಚಿನ ಚೌಕ, ಅಡ್ಡಕ್ಕೆ 10, ಉದ್ದಕ್ಕೆ 12. ಅಂದರೆ 60 ಇಂಚು ಅಗಲ, 72 ಇಂಚು ಉದ್ದ. ನನ್ನ ಎತ್ತರ 67 ಇಂಚು. ಕಾಲು ಮುಚ್ಚಿ ಮೇಲೆ ಐದು ಇಂಚು ಮಿಗುತ್ತದೆ. ಹೀಗೆಂದು ಮೊದಲ ದಿನವೇ ನೋಟುಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೆ. ಕ್ವಿಲ್ಟಿಗೆ ಒಂದು ನಿಯಮ ಇದೆ. ಹೊಲಿಗೆ ಬಟ್ಟೆಯ ಅಂಚಿನಿಂದ ಕಾಲು ಇಂಚು ಒಳಗೆ ಬರಬೇಕು. ಆ ಕಾಲು ಇಂಚು ಹಿಂದಕ್ಕೆ ಮಡಚಿಕೊಂಡು ಕಾಣದಂತಾಗುತ್ತದೆ. ಒಂದು ಚೌಕಕ್ಕೆ ಎರಡು ಕಡೆ ಸೇರಿ ಅರ್ಧ ಇಂಚು ಹೋಯಿತು. ಹತ್ತು ಚೌಕಕ್ಕೆ ಐದು ಇಂಚು, ಹನ್ನೆರಡಕ್ಕೆ ಆರು. ಕೊನೆಗೆ ಉಳಿದದ್ದು 55 ಮತ್ತು 66. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಸರಿ, ಒಂದು ಇಂಚು ಮಡಚಿಕೊಂಡು ಮಲಗಬಹುದು.

ಅದೂ ಹೊಲಿಗೆ ಸರಿಯಾಗಿ ಕಾಲು ಇಂಚಿಗೆ ಬಿದ್ದರೆ. ಒಂದೊಂದು ಕಡೆ ಇಂಚಿನ ಹದಿನಾರನೇ ಒಂದು ಪಾಲು ತಪ್ಪಿದರೂ ಒಂಬತ್ತು ಸೇರಿಕೆ ಮುಗಿಯುವಷ್ಟರಲ್ಲಿ ಒಂದು ಇಂಚಿಗಿಂತ ಜಾಸ್ತಿ ತಪ್ಪುತ್ತದೆ. ಮೊದಲ ಸಾಲಿಗೂ ಎರಡನೇ ಸಾಲಿಗೂ ಅಷ್ಟು ವ್ಯತ್ಯಾಸ ಬಂದರೆ ಮೂಲೆಗಳು ಒಂದರ ಮುಖ ಒಂದು ನೋಡುವುದಿಲ್ಲ.

ಮಿಷನ್ನಿನ ಕಡೆಯಿಂದ ಆದ ಅವಮಾನ ಬೇರೆ. ಹೊಲಿಯಲು ಶುರು ಮಾಡಿದ ಎರಡನೇ ನಿಮಿಷಕ್ಕೆ ಗರ್ ಅಂತ ನಿಂತಿತು. ಬಟ್ಟೆ ಎತ್ತಿ ನೋಡಿದರೆ ಅಡಿಯಲ್ಲಿ ದಾರದ ಗೂಡು, ಹಕ್ಕಿ ಬಂದು ಮೊಟ್ಟೆ ಇಡುವುದೊಂದು ಬಾಕಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ "ಈ ಬಾಬಿನ್ನೇ ಸರಿ ಇಲ್ಲ" ಅಂದೆ. ಬಾಬಿನ್ ಅಂದರೆ ಅಡಿಯ ದಾರ ಸುತ್ತಿದ ಪುಟ್ಟ ಉರುಳೆ. ಅದನ್ನು ಬದಲಾಯಿಸಿದೆ. ಮತ್ತೆ ಗೂಡು. ಕೊನೆಗೆ ಟೀಚರು ಬಂದು ಬಾಬಿನ್ನನ್ನು ಮುಟ್ಟಲೇ ಇಲ್ಲ. ಮೇಲಿನ ದಾರವನ್ನು ಪೂರ್ತಿ ತೆಗೆದು, ಬಟ್ಟೆ ಒತ್ತುವ ಪಾದವನ್ನು ಮೇಲಕ್ಕೆತ್ತಿ, ಮತ್ತೆ ಪೋಣಿಸಿದರು. ಮೇಲಿನ ದಾರ ಎರಡು ಬಿಲ್ಲೆಗಳ ನಡುವೆ ಹಾದು ಬರುತ್ತದೆ. ಅದನ್ನು ಬಿಗಿ ಹಿಡಿಯುವುದು ಆ ಬಿಲ್ಲೆಗಳೇ. ಪಾದ ಮೇಲಿದ್ದಾಗ ಬಿಲ್ಲೆಗಳ ಬಾಯಿ ತೆರೆದಿರುತ್ತದೆ, ಕೆಳಗಿದ್ದಾಗ ಮುಚ್ಚಿರುತ್ತದೆ. ನಾನು ಪಾದ ಇಳಿಸಿಟ್ಟು ಪೋಣಿಸಿದ್ದೆ. ದಾರ ಬಿಲ್ಲೆಯ ಒಳಗೆ ಕೂರದೆ ಲಂಗುಲಗಾಮಿಲ್ಲದೆ ಹರಿದು ಹೋಗಿ ಅಡಿಯಲ್ಲಿ ಗುಡ್ಡೆ ಬಿದ್ದಿತ್ತು. ಗಂಟು ಕಾಣುವುದು ಕೆಳಗೆ, ತಪ್ಪು ಇರುವುದು ಮೇಲೆ. ಕೆಳಗಿನವನನ್ನು ಕೆಲಸದಿಂದ ತೆಗೆದದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಫ್ರಾನ್ಸಿನಲ್ಲಿ ಟಿಮೊನಿಯೆ ಅನ್ನುವ ದರ್ಜಿ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದು, ಸೈನಿಕರ ಸಮವಸ್ತ್ರ ಹೊಲಿಯಲು ಸುಮಾರು 80 ಯಂತ್ರ ಇಟ್ಟುಕೊಂಡಿದ್ದ. ಮಾರನೆಯ ವರ್ಷ ಪ್ಯಾರಿಸ್ಸಿನ ದರ್ಜಿಗಳು ನುಗ್ಗಿ ಅವನ್ನೆಲ್ಲ ಒಡೆದು ಹಾಕಿದರು. ಅವರದು ಹೊಟ್ಟೆಪಾಡಿನ ಸಿಟ್ಟು. ಟಿಮೊನಿಯೆಯ ಯಂತ್ರಕ್ಕೆ ಇದ್ದದ್ದು ಒಂದೇ ದಾರ, ಬಾಬಿನ್ ಇಲ್ಲ. ಮೇಲೊಂದು ಕೆಳಗೊಂದು ದಾರ, ತುದಿಯಲ್ಲೇ ಕಣ್ಣಿರುವ ಸೂಜಿ, ಇವನ್ನು ಸೇರಿಸಿ 1846ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಎಲಿಯಾಸ್ ಹೋವ್. ನನ್ನ ಸಿಟ್ಟು ಏನಿದ್ದರೂ ಹೋವ್ ಮೇಲೆ.

ಪಕ್ಕದ ಮಿಷನ್ನಿನಲ್ಲಿ ಒಬ್ಬರು ನಿವೃತ್ತರು ಕೂರುತ್ತಿದ್ದರು. ಅವರಿಗೆ ಹೊಲಿಗೆಗಿಂತ ಅಂಕಿ ಇಷ್ಟ. ಸೂಜಿಯ ಪೊಟ್ಟಣದ ಮೇಲೆ 90 ಅಂತ ಇದ್ದರೆ ಸೂಜಿಯ ದಪ್ಪ 0.90 ಮಿಲಿಮೀಟರ್, 80 ಅಂತ ಇದ್ದರೆ 0.80 ಅಂತ ಗೊತ್ತಾದ ದಿನ ಅವರು ಏನೂ ಹೊಲಿಯಲಿಲ್ಲ. ಎಲ್ಲರಿಗೂ ಅದನ್ನೇ ಹೇಳುತ್ತಾ ಓಡಾಡಿದರು. ಎದುರಿಗೆ ಕೂರುವವರ ಮನೆಯಲ್ಲಿ ಅರ್ಧಂಬರ್ಧ ಕೌದಿ ನಾಲ್ಕಿವೆಯಂತೆ. "ಇದು ಐದನೇದು" ಅಂತ ಒಂದಿಷ್ಟೂ ಸಂಕೋಚವಿಲ್ಲದೆ ಹೇಳಿದರು. ಮುಗಿಸುವುದು ಅವರ ಪ್ರಕಾರ ಸ್ವಲ್ಪ ಅವಸರದವರ ಕೆಲಸ.

ನಾನು ನಿಜವಾಗಿ ಕಲಿತದ್ದು ಬಿಚ್ಚುವುದನ್ನು. ಅದಕ್ಕೆಂದೇ ಸೀಮ್ ರಿಪ್ಪರ್ ಅನ್ನುವ ಬೆರಳುದ್ದದ ಸಾಧನ ಇದೆ. ತುದಿಯಲ್ಲಿ ಎರಡು ಕೊಂಬು, ಗಿಡ್ಡ ಕೊಂಬಿನ ತಲೆಗೆ ಒಂದು ಕೆಂಪು ಗುಂಡು, ಎರಡರ ಸಂದಿಯಲ್ಲಿ ಬ್ಲೇಡು. ಮೊದಮೊದಲು ಒಂದೊಂದೇ ಹೊಲಿಗೆ ಕತ್ತರಿಸಿ ಮೇಜಿನ ತುಂಬ ದಾರದ ಹೊಟ್ಟು ಮಾಡುತ್ತಿದ್ದೆ. ಆಮೇಲೆ ಉಪಾಯ ಕಲಿತೆ. ಒಂದು ಕಡೆ ನಾಲ್ಕೈದು ಹೊಲಿಗೆಗೆ ಒಂದರಂತೆ ಕತ್ತರಿಸಿಕೊಂಡು ಹೋಗುವುದು, ಬಟ್ಟೆ ತಿರುಗಿಸಿ ಆ ಕಡೆಯ ದಾರ ಹಿಡಿದು ಎಳೆಯುವುದು. ಇಡೀ ಹೊಲಿಗೆ ಒಂದೇ ಎಳೆಯಾಗಿ ಸುಯ್ ಅಂತ ಕೈಗೆ ಬರುತ್ತದೆ. ಅರ್ಧ ಗಂಟೆ ಹೊಲಿದದ್ದು ಅರ್ಧ ನಿಮಿಷದಲ್ಲಿ ಬಿಚ್ಚಿಕೊಂಡರೂ, ಹಾಗೆ ಬರುವಾಗ ಎಂಥ ಖುಷಿ ಅಂತೀರಿ! ಎರಡು ಸಲ ಸರಿಯಿದ್ದ ಹೊಲಿಗೆಯನ್ನೂ ಬಿಚ್ಚಿದ್ದೇನೆ. ಟೀಚರಿಗೆ ಹೇಳಿಲ್ಲ.

ಹೊಲಿಗೆಯಲ್ಲಿ ಖುಷಿ ಸಿಕ್ಕಿದ್ದು ಒಂದೇ ಒಂದು ಕಡೆ. ಸಾಲು ಮುಗಿದ ಮೇಲೆ ಹಿಂದಿನ ಮಡಿಕೆಗಳನ್ನು ಇಸ್ತ್ರಿ ಮಾಡಬೇಕು. ಉಜ್ಜಬಾರದು, ಉಜ್ಜಿದರೆ ಬಟ್ಟೆ ಹಿಗ್ಗುತ್ತದೆ. ಒತ್ತಿ, ಎತ್ತಿ, ಮುಂದೆ ಇಡಬೇಕು. ಮೊದಲ ಸಾಲಿನ ಮಡಿಕೆಯೆಲ್ಲ ಎಡಕ್ಕೆ, ಎರಡನೇ ಸಾಲಿನದು ಬಲಕ್ಕೆ. ಆಮೇಲೆ ಎರಡು ಸಾಲುಗಳನ್ನು ಮುಖಕ್ಕೆ ಮುಖ ಇಟ್ಟು ಬೆರಳಿಂದ ಸರಿಸಿದರೆ, ಎಡಕ್ಕೆ ಬಾಗಿದ ಮಡಿಕೆ ಬಲಕ್ಕೆ ಬಾಗಿದ್ದಕ್ಕೆ ಬಂದು ತಗುಲಿ ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಅಲ್ಲಿಗೇ ಪಿನ್ನು ಚುಚ್ಚಿ ಹೊಲಿದೆ. ಬಿಡಿಸಿ ನೋಡಿದರೆ ನಾಲ್ಕು ಚೌಕಗಳ ನಾಲ್ಕು ಮೂಲೆ ಒಂದೇ ಬಿಂದುವಿನಲ್ಲಿ ಕೂತಿದ್ದವು. ಇಂಥವು ನನ್ನ ಕೌದಿಯಲ್ಲಿ 99 ಇರಬೇಕಿತ್ತು. ಎಣಿಸಿ ನೋಡಿದೆ, 31 ಇವೆ. ಯಾರಾದರೂ ಬಂದರೆ ಕೌದಿಯನ್ನು ಆ ಭಾಗ ಕಾಣುವ ಹಾಗೆ ಮಡಚಿಡುತ್ತೇನೆ.

ಚೌಕ ಎಲ್ಲ ಸೇರಿದ ಮೇಲೆ ಮುಗಿಯಿತು ಅಂದುಕೊಂಡರೆ, ಅದು ಬರೀ ಮೇಲ್ಪದರವಂತೆ. ನಡುವೆ ಹತ್ತಿಯ ಹಾಳೆ, ಅಡಿಗೆ ಇನ್ನೊಂದು ಬಟ್ಟೆ ಇಟ್ಟು, ಮೂರನ್ನೂ ಸೇರಿಸಿ ಮೇಲಿಂದ ಹೊಲಿಯುವುದೇ ಅಸಲಿ ಕ್ವಿಲ್ಟ್ ಕೆಲಸ. ತೇಪೆಯೇ ಇಲ್ಲದ ಕ್ವಿಲ್ಟೂ ಉಂಟು. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ 14ನೇ ಶತಮಾನದ ಸಿಸಿಲಿಯ ಒಂದು ಕ್ವಿಲ್ಟ್ ಇದೆ. ಎರಡು ಪದರ ನಾರುಬಟ್ಟೆ, ಒಳಗೆ ಹತ್ತಿ. ಬರೀ ಹೊಲಿಗೆ ಗೆರೆಯ ಉಬ್ಬುತಗ್ಗಿನಲ್ಲೇ ಟ್ರಿಸ್ಟನ್ ಅನ್ನುವ ವೀರನ ಕತೆಯನ್ನು ಚಿತ್ರ ಮಾಡಿದ್ದಾರೆ. ನಾನು ನೇರ ಗೆರೆ ಹೊಲಿದೆ. ಹೆಚ್ಚುಕಡಿಮೆ ನೇರ.

ಅಡಿಯ ಬಟ್ಟೆ ಮೇಲಿನದಕ್ಕಿಂತ ನಾಲ್ಕೂ ಕಡೆ ಮೂರ್ನಾಲ್ಕು ಇಂಚು ದೊಡ್ಡದಿರಬೇಕು, ಹೊಲಿಯುವಾಗ ಸರಿದಾಡುತ್ತೆ ಅಂದರು. ಅದಕ್ಕೂ ಹೊಸ ಬಟ್ಟೆ. ಸುತ್ತ ಅಂಚುಪಟ್ಟಿಗೆ ಇನ್ನೊಂದು. ಎಲ್ಲ ಮುಗಿದ ದಿನ ನಾಲ್ಕೂ ಕಡೆ ಕತ್ತರಿಸಿದ ಅಡಿಬಟ್ಟೆಯ ಉದ್ದುದ್ದ ಪಟ್ಟಿಗಳು, ಐದು ಬಣ್ಣದ ಉಳಿಕೆ, ಗಾಳಿಪಟವಾದ ಚೌಕಗಳು, ಮಿಕ್ಕ ಅಂಚುಪಟ್ಟಿ ಎಲ್ಲ ಬಾಚಿಕೊಂಡು ಮನೆಗೆ ತಂದೆ. ಎಲ್ಲಾ ಒಳ್ಳೆ ಹತ್ತಿ, ಒಗೆದದ್ದು, ಬಣ್ಣ ಬಿಡದ್ದು. ಎಸೆಯುವುದು ಹೇಗೆ? ತಲೆದಿಂಬಿನ ಕವರಿಗೆ ತುರುಕಿದೆ. ಮೊದಲ ದಿನ ಟೀಚರು ಬೇಡ ಅಂದದ್ದೆಲ್ಲ ಅದರಲ್ಲಿ ಹಾಗೇ ಇತ್ತಲ್ಲ, ಬಾಯಿ ಕಟ್ಟಲು ಆಗಲಿಲ್ಲ.

ಹೋದ ಶನಿವಾರ ಅಂಗಡಿಯ ಗಾಜಿಗೆ ಹೊಸ ಚೀಟಿ ಅಂಟಿಸಿದ್ದಾರೆ. ಮುಂದಿನ ಪ್ರಾಜೆಕ್ಟು, ಚೂರುಬಟ್ಟೆ ಇಡುವ ದೊಡ್ಡ ಚೀಲ. ಒಂದೂವರೆ ಮೀಟರ್ ಹೊಸ ಬಟ್ಟೆ ಬೇಕಾಗುತ್ತದಂತೆ. ಹೆಸರು ಬರೆಸಿ, ಬರುವಾಗ ನೀಲಿ ಥಾನೊಂದನ್ನು ನೋಡಿಟ್ಟು ಬಂದಿದ್ದೇನೆ.