ಗೊಂಬೆ ಕೂರಿಸುವಾಗ ಥೀಮ್ ಪಕ್ಕದಲ್ಲಿರಲಿ, ಮೆಟ್ಟಿಲು ಮನೆಯದ್ದಾಗಿರಲಿ

ಮಹಾಲಯ ಅಮಾವಾಸ್ಯೆ ಹತ್ತಿರ ಬರುತ್ತಿದ್ದಂತೆ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಕೇಳಿಬರುವ ಮೊದಲ ಪ್ರಶ್ನೆ "ಈ ಸಲ ಯಾವ ಥೀಮ್?" ಎನ್ನುವುದು. ಥೀಮೇ ಬೇಡ ಎನ್ನುವವರ ಗುಂಪಿಗೆ ನಾನು ಸೇರಿಲ್ಲ. ಆದರೆ ಥೀಮಿಗೋಸ್ಕರ ಒಂದೇ ಸಲಕ್ಕೆ ಹೊಸ ಸೆಟ್ ತಂದು ಎಲ್ಲ ಮೆಟ್ಟಿಲನ್ನೂ ತುಂಬಿಸಿ, ಅಜ್ಜಿಯ ಕಾಲದ ಗೊಂಬೆಗಳನ್ನು ಅಟ್ಟದಲ್ಲೇ ಬಿಡುವುದು ಸರಿಯಲ್ಲ. ಮೆಟ್ಟಿಲು ಮನೆತನದ್ದು. ನಮ್ಮ ಅಭಿರುಚಿಗೆ ಬೇರೆ ಜಾಗ ಇದೆ, ಅದೂ ಧಾರಾಳವಾಗಿ.

ಮನೆತನದ್ದು ಎಂದರೆ ಏನು? ಮೇಲಿನ ಮೆಟ್ಟಿಲಲ್ಲಿ ಕಳಶ ಮತ್ತು ಪಟ್ಟದ ಗೊಂಬೆ ಎನ್ನುವ ಮರದ ರಾಜ-ರಾಣಿಯ ಜೋಡಿ, ಅದರ ಕೆಳಗೆ ದೇವರು, ದಶಾವತಾರ, ಆಮೇಲೆ ಸಾಧು ಸಂತರು, ಆಮೇಲೆ ಮದುವೆ ದಿಬ್ಬಣ, ಜಂಬೂ ಸವಾರಿ, ಕೊನೆಗೆ ಶೆಟ್ಟರ ಅಂಗಡಿ. ಮೆಟ್ಟಿಲಿನ ಲೆಕ್ಕ ಬೆಸ ಸಂಖ್ಯೆ: 3, 5, 7, 9. ಇದು ಸಾಮಾನ್ಯವಾಗಿ ಕಾಣುವ ಕ್ರಮ. ಕಳಶವನ್ನೇ ಇಡದ ಮನೆಗಳಿವೆ, ಪಾಡ್ಯದ ಬದಲು ಸರಸ್ವತಿ ಪೂಜೆಯಿಂದ ಕೂರಿಸುವ ಮನೆಗಳೂ ಇವೆ. ನಿಮ್ಮ ಮನೆಯ ಕ್ರಮ ಯಾವುದೆಂದು ಹಿರಿಯರು ಎದುರಿಗಿರುವಾಗಲೇ ಕೇಳಿ, ಒಂದು ಹಾಳೆಯಲ್ಲಿ ಬರೆದಿಡಿ. ಫೋಟೋ ಒಂದೇ ಸಾಲದು. ಯಾವ ಗೊಂಬೆ ಎಲ್ಲಿದೆ ಎಂದು ಫೋಟೋ ಹೇಳುತ್ತದೆ, ಅಲ್ಲೇ ಯಾಕೆ ಎಂದು ಹೇಳುವುದಿಲ್ಲ.

ಪಟ್ಟದ ಗೊಂಬೆ ವಿಷಯದಲ್ಲಿ ಒಂದು ಇಕ್ಕಟ್ಟು ಎಲ್ಲ ಕಡೆ ಬರುತ್ತದೆ. ಮದುವೆಯಲ್ಲಿ ಮಗಳಿಗೆ ರಾಜ-ರಾಣಿಯ ಜೋಡಿ ಕೊಡುವುದು ನಮ್ಮಲ್ಲಿ ಪದ್ಧತಿ, ಹಾಗಾಗಿ ಅತ್ತೆಯದ್ದೊಂದು ಜೋಡಿ, ಸೊಸೆಯದ್ದೊಂದು ಜೋಡಿ ಒಂದೇ ಮನೆಯಲ್ಲಿ ಸೇರುತ್ತವೆ. ಸೊಸೆಯದ್ದನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಬೇಡಿ. ಎರಡೂ ಮೇಲಿನ ಮೆಟ್ಟಿಲಲ್ಲೇ ಇರಲಿ. ಹಳೆಯ ಜೋಡಿ ನಡುವೆ ಕೂರಲಿ, ಅದರ ಕೆಳಗೆ ಎರಡು ಇಂಚು ದಪ್ಪದ ಮಣೆ ಕೊಟ್ಟರೆ ಹಿರಿತನವೂ ಉಳಿಯುತ್ತದೆ, ಹೊಸ ಜೋಡಿಗೂ ಮರ್ಯಾದೆ ಸಿಗುತ್ತದೆ.

ಇನ್ನು ಮೆಟ್ಟಿಲು. ಇಲ್ಲಿ ಅಳತೆ ತಪ್ಪಿದರೆ ಮುಂದೆ ಏನು ಮಾಡಿದರೂ ಸರಿಹೋಗುವುದಿಲ್ಲ. ಒಂದು ಮೆಟ್ಟಿಲು 10 ಇಂಚು ಅಗಲ, 9 ಇಂಚು ಎತ್ತರ ಎಂದಿಟ್ಟುಕೊಂಡರೆ 5 ಮೆಟ್ಟಿಲಿಗೆ 45 ಇಂಚು ಎತ್ತರ, 50 ಇಂಚು ಆಳ ಬೇಕು. 7ಕ್ಕೆ 63 ಮತ್ತು 70. 9 ಮೆಟ್ಟಿಲಾದರೆ 81 ಇಂಚು ಎತ್ತರ, ಏಳೂವರೆ ಅಡಿ ಆಳ. ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಆರತಿಗೆ ನಿಲ್ಲಲೂ ಜಾಗ ಉಳಿಯುವುದಿಲ್ಲ, ಕಳಶ ಫ್ಯಾನಿನ ಗಾಳಿಗೆ ನೇರ ಸಿಗುತ್ತದೆ. ಜಾಗ ಸಾಲದಿದ್ದರೆ ಮೆಟ್ಟಿಲಿನ ಅಗಲ ಕಿರಿದು ಮಾಡಿ 9 ಮಾಡುವುದಕ್ಕಿಂತ ಸರಿಯಾದ ಅಳತೆಯ 5 ಮೆಟ್ಟಿಲು ಎಷ್ಟೋ ಮೇಲು. 6 ಇಂಚಿನ ಮೆಟ್ಟಿಲಲ್ಲಿ ಮಣ್ಣಿನ ಗೊಂಬೆ ಇಟ್ಟು ಒಂಬತ್ತು ದಿನ ಮಕ್ಕಳನ್ನು ಗದರುತ್ತಾ ಕೂರುವುದು ಹಬ್ಬವಲ್ಲ.

ಸ್ಟೀಲ್ ಸ್ಟ್ಯಾಂಡ್ ಇಲ್ಲದವರು ಟ್ರಂಕು, ಮೇಜು, ರಟ್ಟಿನ ಪೆಟ್ಟಿಗೆಗಳ ಮೇಲೆ ಹಲಗೆ ಹಾಕುತ್ತಾರೆ. ಚೆನ್ನಾಗಿಯೇ ಆಗುತ್ತದೆ. ರಟ್ಟಿನ ಪೆಟ್ಟಿಗೆ ಖಾಲಿ ಇರಬಾರದು. ಹಳೆ ಪುಸ್ತಕವನ್ನೋ ಪೇಪರಿನ ಕಟ್ಟನ್ನೋ ಬಾಯಿವರೆಗೆ ತುಂಬಿ. ಹಲಗೆ ಕನಿಷ್ಠ 12 ಮಿಲಿಮೀಟರಿನ ಪ್ಲೈವುಡ್ ಆಗಿರಲಿ, ಮೂರು ಅಡಿಗಿಂತ ಉದ್ದವಿದ್ದರೆ ನಡುವೆ ಒಂದು ಆಸರೆ ಕೊಡಿ. ಇಲ್ಲದಿದ್ದರೆ ಮೂರನೇ ದಿನದ ಹೊತ್ತಿಗೆ ನಡು ಬಾಗಿ ಗೊಂಬೆಗಳೆಲ್ಲ ಒಂದರ ಕಡೆ ಒಂದು ವಾಲುತ್ತವೆ.

ಬಟ್ಟೆ ಹಾಸುವುದು ನೋಡಲು ಸುಲಭ, ಮಾಡಲು ಅಲ್ಲ. 5 ಮೆಟ್ಟಿಲಿಗೆ ಮೇಲಿನಿಂದ ಕೆಳಗೆ ಅಳೆದರೆ 95 ಇಂಚು. ಮೂಲೆಗಳಿಗೆ, ಹಿಂದೆ ಮಡಿಸಲು, ಕೆಳಗೆ ಬಿಡಲು ಇನ್ನೊಂದು 25 ಇಂಚು ಸೇರಿಸಿ. 8 ಮೊಳದ ಬಿಳಿ ಪಂಚೆ 144 ಇಂಚು ಆಗುತ್ತದೆ, ನಾಲ್ಕು ಅಡಿ ಉದ್ದದ 5 ಮೆಟ್ಟಿಲಿಗೆ ಹೇಳಿ ಮಾಡಿಸಿದ ಹಾಗೆ ಸಾಲುತ್ತದೆ. 7 ಮೆಟ್ಟಿಲಿಗೆ 10 ಮೊಳದ್ದು ಬೇಕು. ಮೇಲಿನಿಂದ ಹಾಸುತ್ತಾ ಬನ್ನಿ. ಪ್ರತಿ ಮೆಟ್ಟಿಲಿನ ಒಳಮೂಲೆಗೆ ಬಟ್ಟೆಯನ್ನು ತಳ್ಳಿ, ಅಲ್ಲೊಂದು ತೆಳು ಮರದ ಪಟ್ಟಿ ಒತ್ತಿ, ಆಮೇಲೆ ಎರಡು ತುದಿಗೆ ಪಿನ್ ಹೊಡೆಯಿರಿ. ಬಿಗಿಯಾಗಿ ಎಳೆದು ಪಿನ್ ಹೊಡೆದರೆ ಮೊದಲಿಗೆ ಚೆಂದ ಕಾಣುತ್ತದೆ. ಆದರೆ ಒಳಮೂಲೆಯಲ್ಲಿ ಬಟ್ಟೆ ಹಲಗೆಗೆ ತಾಗದೆ ಮೇಲೆದ್ದಿರುತ್ತದೆ. ಹಿಂದಿನ ಸಾಲಿನ ಗೊಂಬೆಯ ಬೆನ್ನಿನ ಕಡೆ ಆ ಬಟ್ಟೆಯ ಮೇಲೆ ಕೂತು, ಗೊಂಬೆ ನಿಧಾನವಾಗಿ ಮುಂದಕ್ಕೆ ಬಾಗುತ್ತಾ ಬರುತ್ತದೆ. ಗೊಂಬೆ ಬೀಳುವುದಕ್ಕೆ ಮಕ್ಕಳ ಕೈಗಿಂತ ಹೆಚ್ಚಾಗಿ ಇದೇ ಕಾರಣ.

ದಶಾವತಾರದ ಸಾಲಿಗೂ ಲೆಕ್ಕವಿದೆ. ಗೊಂಬೆಯ ತಳ 4 ಇಂಚಾದರೆ ಹತ್ತಕ್ಕೆ 40 ಇಂಚು, ನಾಲ್ಕು ಅಡಿ ಮೆಟ್ಟಿಲಲ್ಲಿ ನಡುನಡುವೆ ಮುಕ್ಕಾಲು ಇಂಚು ಬಿಟ್ಟು ಕೂರುತ್ತವೆ. ತಳ 5 ಇಂಚಾದರೆ ಒಂದೇ ಸಾಲಿನಲ್ಲಿ ಹಿಡಿಸುವುದೇ ಇಲ್ಲ. ಆಗ ಐದನ್ನು ಹಿಂದೆ 3 ಇಂಚಿನ ಮಣೆಯ ಮೇಲೆ, ಐದನ್ನು ಮುಂದೆ, ಒಂದರ ಸಂದಿಗೆ ಇನ್ನೊಂದು ಬರುವಂತೆ ಇಡಿ. ಕಣ್ಣಿಗಿಂತ ಎತ್ತರದ ಮೆಟ್ಟಿಲುಗಳಲ್ಲಿ ಗೊಂಬೆಗಳನ್ನು ಅಂಚಿನ ಕಡೆಗೆ, ಅಂಚಿಗೆ ಎರಡು ಇಂಚು ಬಿಟ್ಟು ಇಡಬೇಕು. ಹಿಂದಕ್ಕೆ ಸರಿಸಿದರೆ ಕೆಳಗೆ ನಿಂತವರಿಗೆ ಕಿರೀಟ ಬಿಟ್ಟು ಬೇರೇನೂ ಕಾಣದು.

ಈಗ ನಿಮ್ಮ ಅಭಿರುಚಿಯ ಜಾಗಕ್ಕೆ ಬರೋಣ. ಮೆಟ್ಟಿಲಿನ ಪಕ್ಕ ಅಥವಾ ಮುಂದೆ, ನೆಲದಲ್ಲಿ, ಮೂರಡಿಗೆ ಎರಡಡಿ ಜಾಗ ಬಿಟ್ಟುಕೊಳ್ಳಿ. ವರ್ಷಕ್ಕೊಂದು ದೃಶ್ಯ ಸಾಕು. ಪೇಟೆಯ ಸಿದ್ಧ ಸೆಟ್‌ಗಿಂತ ನಿಮ್ಮ ಮನೆಯವರ ಕಸುಬೋ ಊರೋ ಅಲ್ಲಿ ಬಂದರೆ ಅದರ ತೂಕವೇ ಬೇರೆ: ಮಗ್ಗ, ಅಡಿಕೆ ತೋಟ, ರೈಲ್ವೆ ಸ್ಟೇಷನ್ನು, ಶಾಲೆ. ಚನ್ನಪಟ್ಟಣದ ಬಣ್ಣದ ಗೊಂಬೆ, ಕಿನ್ನಾಳದ ಹಣ್ಣು-ಹಕ್ಕಿ ಇಂಥ ಕಡೆ ಚೆನ್ನಾಗಿ ಹೊಂದುತ್ತವೆ. ಮುಂದಿನ ವರ್ಷ ದೃಶ್ಯ ಬದಲಾಗಲಿ, ಮೆಟ್ಟಿಲು ಹಾಗೇ ಇರಲಿ. ಹಿಂದೆ ಫ್ಲೆಕ್ಸ್ ಮಾತ್ರ ಬೇಡ. ಮುದ್ರಿಸಿದ ಅರಮನೆಯ ಮುಂದೆ ಆರು ಇಂಚಿನ ಗೊಂಬೆ ಕಳೆದೇ ಹೋಗುತ್ತದೆ. ಒಂದೇ ಬಣ್ಣದ ಹಳೇ ರೇಷ್ಮೆ ಸೀರೆ ಇಳಿಬಿಟ್ಟರೆ ಸಾಕು.

ಗೊಂಬೆಗಳ ಮುಂದೆ ಮಾಡುವ ಪುಟ್ಟ ಪಾರ್ಕಿಗೆ ರಾಗಿ ಪೈರು ಬೆಳೆಸುವವರು ಪಾಡ್ಯಕ್ಕೆ ಐದಾರು ದಿನ ಮೊದಲೇ ಬಿತ್ತಬೇಕು. ರಾಗಿಯನ್ನು ರಾತ್ರಿ ನೆನೆಸಿ, ಒಂದೂವರೆ ಇಂಚು ಮಣ್ಣು ತುಂಬಿದ ತಟ್ಟೆಯಲ್ಲಿ ಒತ್ತೊತ್ತಾಗಿ ಹರಡಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ, ಮೊಳಕೆ ಕಾಣುವವರೆಗೆ ಒದ್ದೆ ಬಟ್ಟೆ ಮುಚ್ಚಿಡಿ. ನೀರು ಚಿಮುಕಿಸಿ, ಸುರಿಯಬೇಡಿ. ನೀರು ಹೆಚ್ಚಾದರೆ ಬುಡದಲ್ಲಿ ಬಿಳಿ ಬೂಸಲು ಬಂದು ಪೈರು ಮಲಗುತ್ತದೆ. ವಿಜಯದಶಮಿ ಹೊತ್ತಿಗೆ ಮೊದಲ ತಟ್ಟೆ ಹೇಗೂ ಉದ್ದವಾಗಿ ಬಾಗುತ್ತದೆ, ಆದ್ದರಿಂದ ನಾಲ್ಕು ದಿನ ಬಿಟ್ಟು ಎರಡನೇ ತಟ್ಟೆ ಬಿತ್ತಿ. ತಟ್ಟೆ ಬಿಳಿ ಪಂಚೆಗೆ ತಾಗದಿರಲಿ. ಬಟ್ಟೆ ತೇವ ಹೀರಿ ಮಣ್ಣಿನ ಕಲೆಯನ್ನು ಮೇಲಕ್ಕೆ ಏರಿಸುತ್ತದೆ. ಶೆಟ್ಟರ ಅಂಗಡಿಯ ಅಕ್ಕಿ, ಬೇಳೆ ಒಂಬತ್ತು ದಿನ ಇರಬಹುದು, ಬೆಲ್ಲವನ್ನು ಆರತಿ ಹೊತ್ತಿಗೆ ಇಟ್ಟು ತೆಗೆಯಿರಿ. ಇರುವೆ ಒಮ್ಮೆ ದಾರಿ ಮಾಡಿಕೊಂಡರೆ ಬಿಡಿಸುವುದು ಕಷ್ಟ.

ದೀಪದ ಬಗ್ಗೆ ಎರಡೇ ಮಾತು. ಬಣ್ಣ ಬದಲಿಸುತ್ತಾ ಮಿಣುಕುವ ಸೀರಿಯಲ್ ಸೆಟ್ ಗೊಂಬೆಯ ನಿಜ ಬಣ್ಣವನ್ನು ನುಂಗುತ್ತದೆ. ಹಳದಿ ಛಾಯೆಯ ಸ್ಥಿರ ಎಲ್‌ಇಡಿ ಮುಂದಿನಿಂದ, ಸ್ವಲ್ಪ ಮೇಲಿನಿಂದ ಬರಲಿ, ವೈರು ಬಟ್ಟೆಯ ಅಡಿಯಲ್ಲಿ ಹಾಯದಿರಲಿ. ಎಣ್ಣೆ ದೀಪ ಮೆಟ್ಟಿಲ ಮೇಲೆ ಬೇಡ, ಎರಡಡಿ ಮುಂದೆ ನೆಲದ ಮೇಲೆ ಇರಲಿ.

ಹಳೆಯ ಗೊಂಬೆಗಳಿಗೆ ಹೊಸ ಬಣ್ಣ ಹೊಡೆಸುವ ಆಸೆಯನ್ನು ದಯವಿಟ್ಟು ತಡೆಯಿರಿ. ಮುಖದ ಬಣ್ಣ ಸ್ವಲ್ಪ ಮಾಸಿದ್ದರೂ ಕಣ್ಣು, ಹುಬ್ಬು, ತುಟಿಯ ಗೆರೆ ಆ ಕಾಲದ ಕೈಯದ್ದು. ಮೇಲೆ ಎನಾಮಲ್ ಬಿದ್ದರೆ ಆ ಮುಖ ಮತ್ತೆ ಸಿಗುವುದಿಲ್ಲ. ಹೊಸತನ ಬೇಕಿದ್ದರೆ ಉಡುಗೆ ಬದಲಿಸಿ. ಒಂದು ರವಿಕೆ ಕಣ, ಹಳೆ ಸೀರೆಯ ಜರಿ ಅಂಚು ಇದ್ದರೆ ಪಟ್ಟದ ರಾಣಿಗೆ ಸೀರೆಯಾಯಿತು. ಅದನ್ನು ದಾರದಲ್ಲಿ ಕಟ್ಟಿ ಅಥವಾ ಹೊಲಿಯಿರಿ. ಗಮ್ಮು, ಎರಡೂ ಬದಿ ಅಂಟುವ ಟೇಪು ಹಚ್ಚಿದರೆ ತೆಗೆಯುವಾಗ ಮರದ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಧೂಳು ತೆಗೆಯಲು ಮೆತ್ತನೆಯ ಒಣ ಬ್ರಶ್ ಸಾಕು. ಮಣ್ಣಿನ ಗೊಂಬೆಗೆ ಒದ್ದೆ ಬಟ್ಟೆ ತಾಗಿಸಬೇಡಿ, ಬಣ್ಣ ಬಟ್ಟೆಗೆ ಬರುತ್ತದೆ. ಅರಗಿನ ಬಣ್ಣದ ಚನ್ನಪಟ್ಟಣದ ಗೊಂಬೆಗೆ ಸ್ಪಿರಿಟ್, ಸ್ಯಾನಿಟೈಸರ್ ತಾಗಬಾರದು, ಅರಗು ಕರಗುತ್ತದೆ.

ದಶಮಿ ರಾತ್ರಿ ಪಟ್ಟದ ಗೊಂಬೆ ಮಲಗಿಸಿದ ಮೇಲೆ ಕಟ್ಟಿಡುವ ಕೆಲಸವನ್ನು ಅವಸರದಲ್ಲಿ ಮಾಡಬೇಡಿ. ಮೊದಲು ಹಳೆ ಹತ್ತಿ ಪಂಚೆಯ ತುಂಡು, ಅದರ ಮೇಲೆ ಪೇಪರು. ಪೇಪರು ನೇರ ತಾಗಿದರೆ ಮಳೆಗಾಲದ ತೇವಕ್ಕೆ ಬಣ್ಣಕ್ಕೆ ಅಂಟುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ತೇವ ಒಳಗೇ ಉಳಿದು ಬೂಸಲು ಬರುತ್ತದೆ. ನುಸಿಗುಳಿಗೆಯನ್ನು ಥರ್ಮೋಕೋಲ್ ಇರುವ ಪೆಟ್ಟಿಗೆಗೆ ಹಾಕಬೇಡಿ, ಥರ್ಮೋಕೋಲ್ ಕರಗಿ ಗೊಂಬೆಗೆ ಮೆತ್ತುತ್ತದೆ. ಒಣಗಿದ ಬೇವಿನ ಎಲೆ ಹಾಕಿ. ಪ್ರತಿ ಗೊಂಬೆಯ ಜೊತೆ ಒಂದು ಚೀಟಿ ಇಡಿ: ಯಾರು ಕೊಟ್ಟಿದ್ದು, ಯಾವ ವರ್ಷ, ಯಾವ ಮೆಟ್ಟಿಲು. ಪೆನ್ಸಿಲಿನಲ್ಲೇ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ. ಭಾರದ ಮಣ್ಣಿನ ಗೊಂಬೆ ಪೆಟ್ಟಿಗೆಯ ತಳಕ್ಕೆ, ಕಾಗದದ ಗೊಂಬೆ ಮೇಲಕ್ಕೆ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಒಂದು ಮಧ್ಯಾಹ್ನ ಪೆಟ್ಟಿಗೆ ತೆರೆದು ನೆರಳಿನಲ್ಲಿ ಗಾಳಿಯಾಡಿಸಿ, ಬೇವಿನ ಎಲೆ ಬದಲಿಸಿ ಮತ್ತೆ ಕಟ್ಟಿ.